ಕೋಡ್ ತುಣುಕಿನ ಜೊತೆಗೆ ಅದರ ಮಿತಿಯನ್ನೂ ಬರೆಯಿರಿ

ಡೆವಲಪರ್‌ಗಳು ಹಂಚಿಕೊಳ್ಳುವ ನಾಲ್ಕೈದು ಸಾಲಿನ ಕೋಡ್ ತುಣುಕುಗಳ ಬಗ್ಗೆ ನನಗೆ ಗೌರವವಿದೆ. ಮ್ಯಾನ್ಯುಯಲ್ ಪೂರ್ತಿ ಜಾಲಾಡಿದರೂ ಸಿಗದ ಉತ್ತರ ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಆದರೆ ಈಚಿನ ಬಹುಪಾಲು ಟಿಪ್‌ಗಳಲ್ಲಿ ಇದು ಕೆಲಸ ಮಾಡುತ್ತದೆ ಎಂಬ ಭರವಸೆಯಷ್ಟೇ ಇರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಮಾತು ಇರುವುದಿಲ್ಲ. ಆ ಒಂದು ಸಾಲನ್ನು ಬರೆಯಲು ಪುರುಸೊತ್ತಿಲ್ಲದಿದ್ದರೆ ತುಣುಕನ್ನು ಹಂಚದಿರುವುದೇ ಲೇಸು.

ಕೋಡಿನ ಬದಲಾವಣೆಗಳ ಇತಿಹಾಸವನ್ನು ಉಳಿಸುವ ಗಿಟ್‌ನ ರಿಫ್‌ಲಾಗ್ ಕುರಿತ ಟಿಪ್ ಅನ್ನೇ ನೋಡಿ. ಫೈಲ್‌ಗಳನ್ನು ಹಿಂದಿನ ಸ್ಥಿತಿಗೆ ಒಯ್ಯುವ ರೀಸೆಟ್ ಹಾರ್ಡ್ ಕಮಾಂಡ್ ಕೊಟ್ಟು ಕೆಲಸವೆಲ್ಲ ಹೋಯಿತೆಂದು ಕಂಗಾಲಾದವರಿಗೆ, ರಿಫ್‌ಲಾಗ್ ತೆರೆದರೆ ಎಲ್ಲವೂ ವಾಪಸ್ ಬರುತ್ತದೆ ಎಂದು ಧೈರ್ಯ ಹೇಳಲಾಗುತ್ತದೆ. ಇದು ಅರ್ಧ ಸತ್ಯ. ಹೆಡ್ (ನಾವು ಸದ್ಯ ಇರುವ ಜಾಗದ ಗುರುತು) ಯಾವ ಯಾವ ಕಮಿಟ್‌ಗಳ (ಗಿಟ್‌ನಲ್ಲಿ ಉಳಿಸಿದ ಆವೃತ್ತಿಗಳ) ಮೇಲಿತ್ತು ಎಂಬುದನ್ನು ರಿಫ್‌ಲಾಗ್ ದಾಖಲಿಸುವುದರಿಂದ, ಕಮಿಟ್ ಆಗಿದ್ದ ಕೆಲಸವನ್ನು ಅಲ್ಲಿಂದ ಹುಡುಕಿ ತೆಗೆಯಬಹುದು. ಆದರೆ ಕಮಿಟ್ ಮಾಡದೆ, ಮುಂದಿನ ಕಮಿಟ್‌ಗಾಗಿ ಆರಿಸಿಡುವ ಸ್ಟೇಜ್‌ಗೂ ಸೇರಿಸದೆ ಬಿಟ್ಟಿದ್ದ ಬದಲಾವಣೆಗಳನ್ನು ಗಿಟ್ ಎಲ್ಲಿಯೂ ಉಳಿಸಿಕೊಂಡಿರುವುದಿಲ್ಲ, ಅವು ಹೋದರೆ ಹೋದವೇ. ಮೇಲಾಗಿ ಈ ದಾಖಲೆ ಇರುವುದು ನಮ್ಮ ಯಂತ್ರದಲ್ಲಿ ಮಾತ್ರ, ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲಿ ಅದು ಸಿಗುವುದಿಲ್ಲ.

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಕೂಡ ಹೀಗೆಯೇ. 1, 2, 3 ಎಂಬ ಉದಾಹರಣೆ ಕೊಟ್ಟು ತೋರಿಸಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. 10, 9, 1 ಕೊಟ್ಟು ನೋಡಿದರೆ ಉತ್ತರ 1, 10, 9 ಎಂದು ಬರುತ್ತದೆ, ಏಕೆಂದರೆ ಹೋಲಿಕೆಯ ಫಂಕ್ಷನ್ ಕೊಡದಿದ್ದಾಗ ಅದು ಸಂಖ್ಯೆಗಳನ್ನು ಸ್ಟ್ರಿಂಗ್‌ಗಳೆಂದೇ, ಅಂದರೆ ಅಕ್ಷರಗಳ ಸಾಲುಗಳೆಂದೇ ಹೋಲಿಸುತ್ತದೆ. ಉದಾಹರಣೆಯನ್ನು ಆರಿಸುವಾಗ ತುಣುಕು ಗೆಲ್ಲುವ ಇನ್‌ಪುಟ್‌ಗಿಂತ ಸೋಲುವ ಇನ್‌ಪುಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೋಡನ್ನು ಸ್ಕ್ರೀನ್‌ಶಾಟ್ ಆಗಿ ಹಾಕುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಕಾಪಿ ಮಾಡಲಾಗದು, ಹುಡುಕಲಾಗದು, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಓದಲೂ ಆಗದು.

ಬೈಟ್‌ಗಳ ಸಂಖ್ಯೆಯನ್ನು ಕೆಬಿ, ಎಂಬಿ ಎಂದು ಓದಲು ಸುಲಭವಾಗುವಂತೆ ಬದಲಿಸುವ ಪುಟ್ಟ ಜಾವಾ ತುಣುಕೊಂದು 2010ರಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಕಟವಾಗಿ ಸಾವಿರಾರು ಪ್ರಾಜೆಕ್ಟ್‌ಗಳಿಗೆ ನಕಲಾಯಿತು. 9,99,999 ಬೈಟ್ ಕೊಟ್ಟರೆ 1 ಎಂಬಿ ಎನ್ನುವ ಬದಲು 1000 ಕೆಬಿ ಎನ್ನುವ ದೋಷ ಅದರಲ್ಲಿತ್ತು. ಬರೆದವರೇ 2019ರಲ್ಲಿ ಇದನ್ನು ಬಹಿರಂಗವಾಗಿ ವಿವರಿಸಿ ತಿದ್ದಿದರು. ಆ ನಡತೆ ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಮೂಲದಲ್ಲಾದ ತಿದ್ದುಪಡಿ ನಕಲುಗಳಿಗೆ ತಾನಾಗಿ ತಲುಪುವುದಿಲ್ಲ. ಆದ್ದರಿಂದ ತುಣುಕನ್ನು ಎತ್ತಿಕೊಳ್ಳುವವರು ಮೂಲದ ಲಿಂಕ್ ಅನ್ನು ಕೋಡಿನ ಕಾಮೆಂಟ್‌ನಲ್ಲಿ ಬರೆದಿಡಬೇಕು. ಸ್ಟ್ಯಾಕ್ ಓವರ್‌ಫ್ಲೋದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೂ ಮೂಲವನ್ನು ಉಲ್ಲೇಖಿಸಲೇಬೇಕೆಂದು ಹೇಳುತ್ತದೆ, ಆದರೂ ಅದನ್ನು ಪಾಲಿಸುವವರು ವಿರಳ.