ದೆವ್ವದ ಹತ್ರಾನೂ ರಸೀದಿ ಕೇಳೋ ಭಾವ

ಮೊನ್ನೆ ಶನಿವಾರ ರಾತ್ರಿ ಬಂದ ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಾ ಇದೀನಿ. ಒಂದು ಹಳೇ ಹಾರರ್ ಸಿನಿಮಾ ನೋಡೋಕೆ ಏನೇನು ಬೇಕು ಹೇಳಿ? ಲೈಟ್ ಆರಿಸಿರಬೇಕು, ಹೊರಗೆ ಸ್ವಲ್ಪ ಮಳೆ ಹನಿತಿದ್ರೆ ಒಳ್ಳೇದು, ಒಂದು ಬಟ್ಟಲು ತುಂಬ ಖಾರದ ಕಡ್ಲೆಪುರಿ, ಮತ್ತೆ ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂರೋ ಒಂದು ಜನ. ಮೊದಲ ಮೂರೂ ಸಿಕ್ಕಿತ್ತು.

ನಮ್ಮ ಅಕ್ಕ ಭಾವ ಎರಡು ರಸ್ತೆ ಆಚೆ ಇರೋದು. ಭಾವ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕ್ಯಾಶು, ಅಕೌಂಟ್ಸು, ಆಡಿಟ್ಟು ಅಂತ ದುಡಿದು ರಿಟೈರ್ ಆದವರು. ರಿಟೈರ್ ಆಗಿದ್ದು ಬ್ಯಾಂಕಿಗೆ ಮಾತ್ರ, ಆಡಿಟ್ ನಿಂತಿಲ್ಲ. ಈಗ ಶನಿವಾರ ಶನಿವಾರ ನಮ್ಮನೇಗೆ ಬಂದು ಸಿನಿಮಾ ಆಡಿಟ್ ಮಾಡ್ತಾರೆ.

ಈ ಸಲ ಹಾಕಿದ್ದು ಡೈರೆಕ್ಟರ್ ಹಿಚ್‌ಕಾಕ್‌ನ ಸೈಕೋ. 1960ರದ್ದು, ಬ್ಲಾಕ್ ಅಂಡ್ ವೈಟ್. ಆಗ ಅದು ರಿಲೀಸ್ ಆದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರ್‌ನವರಿಗೆ ಹಿಚ್‌ಕಾಕ್ ಕಂಡೀಷನ್ ಹಾಕಿದ್ದ. ಭಾರಿ ಬುದ್ಧಿವಂತ, ಒಪ್ಕೋತೀನಿ. ಆದ್ರೆ ಶುರುವಾಗೋಕೆ ಮುಂಚೇನೇ ಒಳಗೆ ಬಂದು, ಸೋಫಾ ಮೇಲೆ ಕಾಲು ಮಡಚಿ ಕೂತು, ರಿಮೋಟ್ ಕೈಗೆ ತಗೊಂಡಿರೋರಿಗೆ ಏನು ಮಾಡೋದು ಅಂತ ಆ ಪುಣ್ಯಾತ್ಮ ಯೋಚನೆ ಮಾಡಿರಲಿಲ್ಲ.

ಮೊದಲನೇ ಸೀನಲ್ಲೇ ಫೀನಿಕ್ಸ್ ಊರು, ಶುಕ್ರವಾರ, ಡಿಸೆಂಬರ್ 11, ಮಧ್ಯಾಹ್ನ 2:43 ಅಂತ ಅಕ್ಷರ ಬರತ್ತೆ. ಭಾವ ತಕ್ಷಣ ಕನ್ನಡಕ ಸರಿ ಮಾಡ್ಕೊಂಡ್ರು. "2:43ಕ್ಕಾ? ನಮ್ಮ ಕಾಲದಲ್ಲಿ 2 ಗಂಟೆಗೆ ಕ್ಯಾಶ್ ಕ್ಲೋಸು." ಆಮೇಲೆ ಹೀರೋಯಿನ್ ಜಾನೆಟ್ ಲೀ ಕೆಲಸ ಮಾಡೋ ಆಫೀಸಿಗೆ ಯಾವನೋ ಶ್ರೀಮಂತ ಬಂದು 40,000 ಡಾಲರ್ ನಗದು ಟೇಬಲ್ ಮೇಲೆ ಕುಕ್ಕಿ, ಅದನ್ನ ಬ್ಯಾಂಕಿಗೆ ಕಟ್ಟಮ್ಮ ಅಂತ ಬಾಸು ಅವಳ ಕೈಗೆ ಕೊಡ್ತಾನಲ್ಲ, ಭಾವ ಅಲ್ಲಿಗೆ ಎದ್ದು ನಿಂತ್ಬಿಟ್ರು. "ಎಣಿಸ್ಲಿಲ್ಲ! ನೋಡಯ್ಯ, ಒಬ್ಬರೂ ಎಣಿಸ್ಲಿಲ್ಲ!" ಅವತ್ತಿನ ರೇಟು ಡಾಲರಿಗೆ 4 ರೂಪಾಯಿ 76 ಪೈಸೆ, ಅಂದ್ರೆ 1 ಲಕ್ಷ 90 ಸಾವಿರದ 400 ರೂಪಾಯಿ, 1960ರಲ್ಲಿ ಅಷ್ಟು ದುಡ್ಡಿಗೆ ಮೈಸೂರಲ್ಲಿ ಒಂದು ಬೀದಿ ಬರ್ತಿತ್ತು ಅಂತ ಬಾಯಲ್ಲೇ ಲೆಕ್ಕ ಹಾಕಿ ಹೇಳಿದ್ರು. ಅವಳು ದುಡ್ಡು ಎತ್ಕೊಂಡು ಓಡಿಹೋಗ್ತಾಳೆ, ಪೊಲೀಸ್ ಹಿಂದೆ ಬೀಳ್ತಾನೆ, ಮಳೆ, ಕತ್ತಲು, ಯಾರೂ ಇಲ್ಲದ ಮೋಟೆಲು, ನನಗೆ ಕುತ್ತಿಗೆ ಹಿಂದೆ ತಣ್ಣಗೆ ಶುರುವಾಗಿತ್ತು. ಪಕ್ಕದಿಂದ, "ಬಾಸ್‌ನ ಮೊದಲು ಸಸ್ಪೆಂಡ್ ಮಾಡ್ಬೇಕು."

ಸರಿ, ಸಹಿಸ್ಕೊಂಡೆ. ಆಮೇಲೆ ಅವಳಿಗೆ ಪಶ್ಚಾತ್ತಾಪ ಆಗತ್ತೆ. ಒಂದು ಚೀಟಿ ತಗೊಂಡು 40,000ದಲ್ಲಿ ದಾರೀಲಿ ಕಾರು ಬದಲಾಯಿಸೋಕೆ ಖರ್ಚಾದ 700 ಕಳೆದು 39,300 ಅಂತ ಬರೀತಾಳೆ, ಆಮೇಲೆ ಆ ಚೀಟಿ ಹರಿದು ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡ್ತಾಳೆ. ಭಾವನ ಮುಖ ನೋಡ್ಬೇಕಿತ್ತು ನೀವು. ಕೊಲೆ ಇನ್ನೂ ಆಗಿಲ್ಲ, ಆದ್ರೆ ಅವರ ಪಾಲಿಗೆ ಆಗ್ಹೋಯ್ತು. "ವೋಚರ್! ವೋಚರ್ ಹರಿದು ಹಾಕಿದ್ಲಲ್ಲೋ!"

ಆ ಸಂಕಟದಲ್ಲೇ ಶವರ್ ಸೀನ್ ಬಂತು. ಆ ಸೀನಿಗೆ ಹಿಚ್‌ಕಾಕ್ ಏಳು ದಿನ ಶೂಟಿಂಗ್ ಮಾಡಿದ್ದ. ಮ್ಯೂಸಿಕ್ಕೇ ಬೇಡ ಅಂದಿದ್ನಂತೆ, ಮ್ಯೂಸಿಕ್ ಡೈರೆಕ್ಟರ್ ಬರ್ನಾರ್ಡ್ ಹರ್ಮನ್ ಕೇಳದೆ ಬರೀ ತಂತಿ ವಾದ್ಯದಲ್ಲೇ ಆ ಕಿರುಚಾಟ ಕೂರಿಸಿ ತೋರಿಸಿದ ಮೇಲೆ ತೆಪ್ಪಗೆ ಒಪ್ಕೊಂಡ. ಪರದೆ ಸರೀತು, ಚಾಕು ಮೇಲೆ ಹೋಯ್ತು, ಪಿಟೀಲು ಕಿರ್ರ್ ಅಂತು, ಜಾನೆಟ್ ಲೀ ಬಾಯಿ ಅಗಲ ತೆಗೆದ್ಲು, ಅಷ್ಟೇ. ಭಾವ ಪಾಸ್ ಒತ್ತಿದ್ರು.

"ಒಂದ್ನಿಮಿಷ. ಈಗ ಇವಳು ಸತ್ತೋದ್ರೆ ಆ 39,300ಕ್ಕೆ ಜವಾಬ್ದಾರಿ ಯಾರು?"

ನಾನು ಮಾತಾಡ್ಲಿಲ್ಲ. ಮಾತಾಡಿದ್ರೆ ಕೆಟ್ಟದ್ದು ಬರ್ತಿತ್ತು. ಅವರು ಶುರು ಹಚ್ಕೊಂಡ್ರು. ಹಿಂದೆ ಯಾವುದೋ ಬ್ರಾಂಚಲ್ಲಿ ಸಂಜೆ ಕ್ಯಾಶ್ ಟ್ಯಾಲಿ ಮಾಡುವಾಗ 500 ರೂಪಾಯಿ ಕಮ್ಮಿ ಬಂದಿದ್ದು, ರಾತ್ರಿ ಒಂಬತ್ತರ ತನಕ ಎಲ್ಲರೂ ಮನೇಗೆ ಹೋಗದೆ ಹುಡುಕಿದ್ದು, ಕಡೇಗೆ ಅದು ಡ್ರಾಯರ್ ಹಿಂದಿನ ಸಂದಿಯಲ್ಲಿ ಸಿಕ್ಕಿದ್ದು, ಅಷ್ಟೂ ಹೇಳಿದ್ರು, ಗೋಡೆ ಗಡಿಯಾರ ನೋಡಿದೆ, ಹನ್ನೊಂದು ನಿಮಿಷ. ಹನ್ನೊಂದು ನಿಮಿಷವೂ ಟಿವಿ ತುಂಬ ಆ ಹೆಂಗಸು ಬಾಯಿ ತೆಕ್ಕೊಂಡು ಹಂಗೇ ನಿಂತಿದಾಳೆ. ಮೊದಲ ನಿಮಿಷ ಭಯ ಆಯ್ತು, ಎರಡನೇ ನಿಮಿಷ ಪಾಪ ಅನ್ನಿಸ್ತು, ಐದನೇ ನಿಮಿಷಕ್ಕೆ ಅವಳೂ ಭಾವನ ಮಾತು ಕೇಳಿಯೇ ಕಿರುಚ್ತಾ ಇದಾಳೆ ಅನ್ನಿಸೋಕೆ ಶುರುವಾಯ್ತು. ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಟಿವಿ ನೋಡಿ, ಲೋಟ ಇಡ್ತಾ, "ಯಾರೋ ಇದು ಪಾಪ, ಹಲ್ಲು ನೋವಾ?" ಅಂದ್ಲು.

ಜಗತ್ತಿನ ಅತಿ ಭಯಂಕರ ಸೀನು ನಮ್ಮನೇಲಿ ಡೆಂಟಿಸ್ಟ್ ಕೇಸ್ ಆಗಿಹೋಯ್ತು. ಮತ್ತೆ ಪ್ಲೇ ಒತ್ತಿದಾಗ ಬಂದ ಅಭಿಪ್ರಾಯ, "ಪಿಟೀಲು ಶ್ರುತಿ ಸೇರಿಲ್ಲ." ಚರಂಡಿಗೆ ಹರಿಯೋ ರಕ್ತ ಚಾಕೊಲೇಟ್ ಸಿರಪ್ ಅಂತೆ ಭಾವ ಅಂತ, ಹೇಗಾದ್ರೂ ಮಾತು ಬೇರೆ ಕಡೆ ಹೋಗ್ಲಿ ಅಂತ ಹೇಳಿದೆ. "ಬಾಟ್ಲಿಗೆ ಎಷ್ಟು?" ಅಂದ್ರು.

ಮುಂದೆ ಕೇಳಿ. ಕೊನೆ ಕಡೆ ಅವಳ ತಂಗಿ ಅದೇ ರೂಮಿಗೆ ಬಂದು ಹುಡುಕುವಾಗ, ಟಾಯ್ಲೆಟ್‌ನಲ್ಲಿ ಆ ಚೀಟಿ ಚೂರು ಒಂದು ಅಂಟ್ಕೊಂಡಿರತ್ತೆ, 40,000ದ ಲೆಕ್ಕ ಇರೋದು. ಭಾವ "ಸಿಕ್ತು! ವೋಚರ್ ಸಿಕ್ತು!" ಅಂತ ಹಾರಿದ ಹಾರಾಟಕ್ಕೆ ಕಡ್ಲೆಪುರಿ ಬಟ್ಟಲು ಮಗುಚಿ ಸೋಫಾ ಸಂದಿಗೆಲ್ಲ ಹೋಯ್ತು, ಇವತ್ತೂ ಅಲ್ಲಿಂದ ಒಂದೊಂದೇ ಬರ್ತಾ ಇದೆ. ಅದಕ್ಕೆ ಸ್ವಲ್ಪ ಮುಂಚೆ ಅವಳ ಪ್ರಿಯಕರ ಮೋಟೆಲಲ್ಲಿ ರೂಮಿಗೆ ದುಡ್ಡು ಕೊಟ್ಟು ರಸೀದಿ ಕೇಳ್ತಾನೆ. ಇಡೀ ಸಿನಿಮಾದಲ್ಲಿ ಭಾವ ಮೆಚ್ಚಿದ ಪಾತ್ರ ಅವನೊಬ್ಬನೇ.

ಇದೇನು ಹೊಸಾ ರೋಗ ಅಲ್ಲ. ನಿಷ್ಕರ್ಷ (1993) ನೋಡಿದೀರಲ್ಲ, ಮಣಿಪಾಲದ ಬ್ಯಾಂಕಿಗೆ ಗನ್ನು ಹಿಡ್ಕೊಂಡು ನುಗ್ಗಿ ಜನರನ್ನ ಒತ್ತೆ ಇಟ್ಕೊಳ್ತಾರಲ್ಲ, ಎಲ್ಲರೂ ವಿಷ್ಣುವರ್ಧನ್ ಎಂಟ್ರಿಗೆ ಶಿಳ್ಳೆ ಹೊಡೀತಿದ್ರೆ ಇವರು ಸ್ಟ್ರಾಂಗ್ ರೂಮ್ ಬೀಗದ ಕೈ ಇಬ್ಬರ ಜಾಯಿಂಟ್ ಕಸ್ಟಡಿಲಿ ಇರ್ಬೇಕು ಅಂತ ಪಕ್ಕದ ಸೀಟಿನವನಿಗೆ ಹೇಳ್ತಿದ್ರು. ಅದಕ್ಕಿಂತ ಮುಂಚೆ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಅಂತ ಬಾಹ್ಯಾಕಾಶ ನೌಕೆ ಸೀರಿಯಲ್ ಬರ್ತಿತ್ತು. ಅದರಲ್ಲಿ ಕೆಂಪು ಶರ್ಟಿನವರು ಮೊದಲು ಸಾಯ್ತಾರೆ ಅನ್ನೋದು ಪ್ರಪಂಚಕ್ಕೆಲ್ಲ ಗೊತ್ತಿರೋ ಜೋಕು. ನಮ್ಮನೇದು ಬ್ಲಾಕ್ ಅಂಡ್ ವೈಟ್ ಟಿವಿ, ಎಲ್ಲರದ್ದೂ ಬೂದಿ ಬಣ್ಣದ ಶರ್ಟೇ, ಹಂಗಾಗಿ ಯಾರು ಸಾಯ್ತಾರೋ ಗೊತ್ತಾಗದೆ ಸಸ್ಪೆನ್ಸ್ ನಮಗೆ ಮಾತ್ರ ಪೂರ್ತಿ ಸಿಕ್ತಿತ್ತು. ಆ ನೌಕೆಯವರು ಗ್ರಹಕ್ಕೆ ಇಳಿಯುವಾಗ ಮಿಣಿಮಿಣಿ ಅಂತ ಮಾಯ ಆಗಿ ಕೆಳಗೆ ಪ್ರತ್ಯಕ್ಷ ಆಗ್ತಾರಲ್ಲ, ನಾವು ಬಾಯಿ ಬಿಟ್ಕೊಂಡು ನೋಡ್ತಿದ್ರೆ ಭಾವ, "ಖರ್ಚು ಉಳಿಸ್ತಾ ಇದಾರೆ" ಅಂದ್ರು. ಎಷ್ಟೋ ವರ್ಷ ಆದ ಮೇಲೆ ಓದಿದೆ, ಪ್ರತಿ ವಾರ ನೌಕೆ ಇಳಿಸೋ ಸೀನು ತೆಗೆಯೋಕೆ ಬಜೆಟ್ ಇಲ್ಲ ಅಂತಲೇ ಆ ಉಪಾಯ ಮಾಡಿದ್ದಂತೆ. ಭಾವ ಹೇಳಿದ್ದೇ ನಿಜ. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು.

ಆಗ ಅವರು ಹೊಸ ಅಳಿಯ. ಮೊದಲನೇ ದೀಪಾವಳಿಗೆ ತಿಪಟೂರಿನ ಹತ್ರದ ನಮ್ಮನೇಗೆ ಬಂದಿದ್ರು. ಹಬ್ಬದ ರಾತ್ರಿ ಪಕ್ಕದ ಮನೇಲಿ ಕ್ಯಾಸೆಟ್ ತಂದು ನಾ ನಿನ್ನ ಬಿಡಲಾರೆ ಸಿನಿಮಾ ಹಾಕಿದ್ರು. ಅನಂತ್ ನಾಗ್ ಮೈಮೇಲೆ ದೆವ್ವ ಬರೋದು ನೋಡಿ, ನನಗಾಗ ಒಂಬತ್ತು ವರ್ಷ, ಕೈಕಾಲು ತಣ್ಣಗಾಗಿ ಹೋಗಿತ್ತು. ಕಕ್ಕಸು ಹಿತ್ತಲಲ್ಲಿ, ಬಾವಿ ದಾಟಿ, ಹುಣಸೇಮರದ ಕೆಳಗೆ. ಯಾರನ್ನ ಕರೆದ್ರೂ ಬರ್ಲಿಲ್ಲ. ಹೊಸ ಅಳಿಯ ಜರತಾರಿ ಪಂಚೆ ಎತ್ತಿ ಕಟ್ಕೊಂಡು, ಬ್ಯಾಟರಿ ಹಿಡ್ಕೊಂಡು ಬಂದು ಬಾಗಿಲ ಹೊರಗೆ ನಿಂತ್ರು. ನಾನು ಒಳಗಿಂದ "ಭಾವ, ಇದೀರಾ?" ಅನ್ನೋದು, ಅವರು ಹೊರಗಿಂದ ಗಟ್ಟಿಯಾಗಿ, "ಇದೀನಪ್ಪ. ಅಲ್ಲಾ, ದೆವ್ವದ ಕಾಲು ನೆಲಕ್ಕೇ ತಾಗಲ್ಲ ಅಂತಾರೆ, ಮತ್ತೆ ಗೆಜ್ಜೆ ಸದ್ದು ಎಲ್ಲಿಂದ ಬರತ್ತೆ? ಆ ಗೆಜ್ಜೆ ಕೊಂಡಿದ್ದು ಯಾವ ಅಂಗಡೀಲಿ? ದುಡ್ಡು ಯಾರು ಕೊಟ್ರು?" ನಾನು ಕತ್ತಲಲ್ಲಿ ಒಬ್ಬನೇ ಕೂತು ನಗ್ತಾ ಇದ್ದೆ. ಬ್ಯಾಟರಿ ಬೆಳಕು ಬಾಗಿಲ ಸಂದಿಯಿಂದ ಒಂದು ಗೆರೆ ಥರ ಒಳಗೆ ಬಿದ್ದಿತ್ತು.

ಅದಿರ್ಲಿ. ಶನಿವಾರ ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು. ಬಾತ್‌ರೂಮಿಗೆ ಹೋದೆ, ಪ್ಲಾಸ್ಟಿಕ್ ಪರದೆ ಕಿಟಕಿ ಗಾಳಿಗೆ ಚೂರು ಅಲ್ಲಾಡ್ತು. ಆಹಾ, ಬಂತು ಭಯ ಅಂತ ಖುಷಿ ಆಗೋ ಅಷ್ಟರಲ್ಲಿ ತಲೆಯೊಳಗೆ 40,000ದಲ್ಲಿ 700 ಕಳೆದ್ರೆ ಅಂತ ಓಡಿಹೋಯ್ತು, ಆಯ್ತು, ಮುಗೀತು, ಬಂದು ಮಲಗಿದೆ.

ಬೆಳಿಗ್ಗೆ ಆರೂವರೆಗೇ ವಾಯ್ಸ್ ಮೆಸೇಜು. "ಲೋ, ಎದ್ಯಾ? ಆ ಕಾರಿಗೆ ಹಳೇ ಕಾರೂ ಕೊಟ್ಲು, ಮೇಲೆ 700 ಕೊಟ್ಲು, ಹಳೇದಕ್ಕೆ ಅವನು ಎಷ್ಟು ಹಿಡಿದ? ಅದನ್ನೊಂಚೂರು ಹಿಂದಕ್ಕೆ ಹಾಕಿ ನೋಡು. ಬರೋ ಶನಿವಾರ ಎಕ್ಸಾರ್ಸಿಸ್ಟ್ ಇಟ್ಕೊಳ್ಳೋಣ, ಆ ಹುಡುಗಿಗೆ ದೆವ್ವ ಹಿಡಿದಿದೆ ಅಂತ ಗೊತ್ತಾಗೋ ತನಕ ಡಾಕ್ಟ್ರು ಅಷ್ಟೊಂದು ಟೆಸ್ಟ್ ಮಾಡಿಸ್ತಾರಲ್ಲ, ಬಿಲ್ ಎಷ್ಟಾಗಿರತ್ತೆ ಅಂತ ಒಂದು ಅಂದಾಜು ಹಾಕ್ಬೇಕು. ಕಡ್ಲೆಪುರಿ ನಾನೇ ತರ್ತೀನಿ."