ಸಾಯದವರ ಮೈಮೇಲಿನ ಹಚ್ಚೆ

"ವ್ಯಾಂಪೈರ್ ಮೈಮೇಲೆ ಹಚ್ಚೆ ನಿಲ್ಲುತ್ತಾ?"

ಕೆಲವು ವಾರಗಳ ಹಿಂದೆ, ಭಾನುವಾರ ರಾತ್ರಿ, ಆಟದ ಮಧ್ಯೆ ನನ್ನ ಗೆಳತಿ ಕೇಳಿದ ಪ್ರಶ್ನೆ ಇದು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊನ್ನೆ ಭಾನುವಾರ ಆ ಕತೆ ಮುಗಿಯಿತು. ಮುಗಿದ ಮೇಲೆ ಐದೂ ಜನ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತಿದ್ದೆವು. ಆಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಆಡುವುದು 'ವ್ಯಾಂಪೈರ್: ದ ಮ್ಯಾಸ್ಕರೇಡ್'. 1991ರಲ್ಲಿ ಅಮೆರಿಕದ ವೈಟ್ ವುಲ್ಫ್ ಕಂಪನಿ ತಂದ ಆಟ, ರೂಪಿಸಿದವರು ಮಾರ್ಕ್ ರೈನ್-ಹೇಗನ್. ಬೋರ್ಡ್ ಇಲ್ಲ, ಕಾಯಿ ಇಲ್ಲ. ಹತ್ತು ಮುಖದ ದಾಳಗಳು, ಆಳಿಗೊಂದು ವ್ಯಾಂಪೈರ್ ಪಾತ್ರ, ಆ ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟ್, ಮಿಕ್ಕಿದ್ದೆಲ್ಲ ಬರೀ ಮಾತು. ಕತೆ ನಡೆಸುವವರಿಗೆ ಸ್ಟೋರಿಟೆಲರ್ ಅನ್ನುತ್ತಾರೆ. ನಮ್ಮಲ್ಲಿ ಆ ಕೆಲಸ ನನ್ನದು. 2018ರಲ್ಲಿ ಐದನೇ ಆವೃತ್ತಿ ಬಂದಿದೆ, ಆದರೆ ನಾವು 2011ರ ಇಪ್ಪತ್ತನೇ ವರ್ಷದ ಆವೃತ್ತಿಯನ್ನೇ ಹಿಡಿದುಕೊಂಡಿದ್ದೇವೆ. ನಮ್ಮ ಕತೆ ನಡೆಯುವುದು ಷಿಕಾಗೋದಲ್ಲಿ. ಆಡುವುದು ಮಾತ್ರ ಕನ್ನಡದಲ್ಲಿ, ವಿಡಿಯೋ ಕಾಲ್‌ನಲ್ಲಿ.

ಈ ಆಟದಲ್ಲಿ ವ್ಯಾಂಪೈರ್ ಮೈ ಬದಲಾಗುವುದಿಲ್ಲ. ಸತ್ತ ರಾತ್ರಿ ಹೇಗಿತ್ತೋ ಹಾಗೇ. ಕೂದಲು ಕತ್ತರಿಸಿಕೊಂಡರೆ ಹಗಲಿನ ನಿದ್ದೆಯಲ್ಲಿ ಅದು ಮೊದಲಿನಷ್ಟೇ ಉದ್ದಕ್ಕೆ ಬಂದುಬಿಡುತ್ತದೆ. ಗಾಯ ರಕ್ತ ಕುಡಿದರೆ ಮುಚ್ಚುತ್ತದೆ. ಅಂದಮೇಲೆ ಸೂಜಿ ಚುಚ್ಚಿದ ಜಾಗವೂ ಮುಚ್ಚಿ, ಮಸಿಯೂ ಹೋಗಬೇಕು ಅಲ್ವಾ?

ನಿಜವಾದ ಮೈಯಲ್ಲಿ ಹಚ್ಚೆ ಯಾಕೆ ಉಳಿಯುತ್ತದೆ ಅಂತ ಓದಿದ ಮೇಲೆ ನನಗೆ ಇದು ಇನ್ನೂ ಪಕ್ಕಾ ಆಯಿತು. ಸೂಜಿ ಒಂದೆರಡು ಮಿಲಿಮೀಟರ್ ಒಳಗೆ ಹೋಗುತ್ತದೆ. ಹೊರಗಿನದೇನೋ ಬಂತು ಅಂತ ಮೈಯಲ್ಲಿರುವ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಓಡಿಬಂದು ಮಸಿಯನ್ನು ನುಂಗುತ್ತವೆ. ಅರಗಿಸಿಕೊಳ್ಳಲು ಆಗುವುದಿಲ್ಲ, ಹಿಡಿದುಕೊಂಡು ಅಲ್ಲೇ ಕೂರುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಮಸಿಯನ್ನು ಹೊಸ ಕೋಶ ಎತ್ತಿಕೊಳ್ಳುತ್ತದೆ. ಫ್ರಾನ್ಸಿನ ಮಾರ್ಸೇಯ ಸಂಶೋಧಕರು 2018ರಲ್ಲಿ ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ ಇದನ್ನು ತೋರಿಸಿದರು. ಹಚ್ಚೆ ಅಂದರೆ ಮೈಯೊಳಗೆ ಕೈಯಿಂದ ಕೈಗೆ ಸಾಗುವ ಮಸಿ. ಜೀವ ಇದ್ದರೆ ತಾನೇ ಕೈಬದಲು? ಸತ್ತ ಮೈಯಲ್ಲಿ ಅದನ್ನು ಹಿಡಿದಿಡುವವರು ಯಾರೂ ಇಲ್ಲ.

ಗೆಳತಿ ಸುಮ್ಮನೆ ಕುತೂಹಲಕ್ಕೆ ಕೇಳಿರಲಿಲ್ಲ. ಅವಳ ಪಾತ್ರ 1933ರಲ್ಲಿ ಷಿಕಾಗೋದ ಒಂದು ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಹೆಂಗಸು. ಆ ವರ್ಷ ಅಲ್ಲಿ ವಿಶ್ವ ಮೇಳ, ಊರು ತುಂಬಾ ಜನ. ಸೌತ್ ಸ್ಟೇಟ್ ಸ್ಟ್ರೀಟಿನಲ್ಲಿ ಹಚ್ಚೆ ಅಂಗಡಿಗಳಿದ್ದ ಕಾಲ. ಕರೆಂಟಿನ ಹಚ್ಚೆ ಮಷಿನ್ ಆಗಲೇ ಹಳೆಯದು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದು 1891ರಲ್ಲಿ. ಈ ಹೆಂಗಸು ಮಣಿಕಟ್ಟಿನ ಮೇಲೆ ಮಗಳ ಹೆಸರು ಬರೆಸಿಕೊಳ್ಳಲು ಹೋಗಿದ್ದಳು. ಇಂಗ್ಲಿಷಿನಲ್ಲಿ ಮಾರ್ಗರೆಟ್ ಅಂದರೆ ಎಂಟು ಅಕ್ಷರ. ಕೈಯಲ್ಲಿದ್ದ ದುಡ್ಡು ನಾಲ್ಕು ಅಕ್ಷರಕ್ಕೆ ಆಯಿತು. ಮಿಕ್ಕಿದ್ದು ಮುಂದಿನ ವಾರ ಅಂದುಕೊಂಡು ಹೊರಟಳು. ಅದೇ ರಾತ್ರಿ ಅವಳನ್ನು ವ್ಯಾಂಪೈರ್ ಮಾಡಿದರು. ಆಟದ ಮಾತಿನಲ್ಲಿ ಎಂಬ್ರೇಸ್.

ಮೈ ಅವತ್ತಿಗೇ ನಿಂತಿತು. ಹಚ್ಚೆಯೂ ಅವತ್ತಿಗೇ ನಿಂತಿತು. ಎಂಬತ್ತು ವರ್ಷ ದಾಟಿದರೂ ಕೈಮೇಲೆ ನಾಲ್ಕೇ ಅಕ್ಷರ, ಬರೀ 'ಮಾರ್ಗ'. ಕನ್ನಡದಲ್ಲಿ ಅದು ದಾರಿ ಅಂತಾಗುತ್ತದೆ ಎಂದು ಮೊದಲು ಗಮನಿಸಿದ್ದು ಗೆಳತಿಯೇ. ಯಾರಾದರೂ ಕೇಳಿದರೆ ಅವಳ ಪಾತ್ರ ಅಂಗಿಯ ತೋಳನ್ನು ಕೆಳಗೆ ಎಳೆದುಕೊಳ್ಳುತ್ತದೆ. ಸಮೋವಾದಲ್ಲಿ ಗಂಡಸರು ಸೊಂಟದಿಂದ ಮಂಡಿವರೆಗೆ ಹಾಕಿಸಿಕೊಳ್ಳುವ 'ಪೆಅ' ಎಂಬ ಹಚ್ಚೆ ಇದೆ. ನೋವು ತಡೆಯದೆ ಅರ್ಧಕ್ಕೆ ಎದ್ದುಹೋದವನಿಗೆ ಜೀವನಪೂರ್ತಿ ಅವಮಾನ. ಅವನ ಅರ್ಧ ಹಚ್ಚೆಗೇ ಬೇರೆ ಹೆಸರಿದೆ. ಇವಳದು ಬೇರೆ ಕತೆ, ಇವಳು ಎದ್ದುಹೋದವಳಲ್ಲ. ಆದರೂ ಅರ್ಧ ಅರ್ಧವೇ.

ಸರಿ, ರಕ್ತದ ಮಾಂತ್ರಿಕರಿದ್ದಾರಲ್ಲ, ಅವರಿಂದ ಹಾಕಿಸಿಕೊಳ್ಳಬಹುದಾ ಅಂತ ಗೆಳತಿ ಕೇಳಿದಳು. ಈ ಆಟದಲ್ಲಿ ಟ್ರೆಮೀರ್ ಅಂತ ಒಂದು ಕುಲ ಇದೆ. ಮೊದಲು ಮನುಷ್ಯ ಮಾಂತ್ರಿಕರಾಗಿದ್ದು, 1022ರಲ್ಲಿ ಸಾವು ತಪ್ಪಿಸಿಕೊಳ್ಳಲು ತಾವೇ ವ್ಯಾಂಪೈರ್ ಆದವರು ಎಂಬುದು ಆಟದ ಕತೆ. ಅವರ ಥಾಮಟರ್ಜಿ ಎಂಬ ವಿದ್ಯೆಯಲ್ಲಿ ರಿಚುವಲ್‌ಗಳು, ಅಂದರೆ ಮಂತ್ರವಿಧಿಗಳಿವೆ, ಒಂದೊಂದಕ್ಕೂ ಸಾಮಾನು ಬೇಕು, ಹೊತ್ತು ಬೇಕು. ಬುದ್ಧಿ ಮತ್ತು ಮಾಂತ್ರಿಕ ಜ್ಞಾನದ ದಾಳ ಹಾಕಬೇಕು. ರಿಚುವಲ್‌ನ ಮಟ್ಟಕ್ಕೆ ಮೂರು ಕೂಡಿಸಿದರೆ ಅದರ ಡಿಫಿಕಲ್ಟಿ, ಅಂದರೆ ಒಂದು ದಾಳದಲ್ಲಾದರೂ ಬೀಳಬೇಕಾದ ಕನಿಷ್ಠ ಅಂಕಿ.

ಹೊಸ ರಿಚುವಲ್ ಕಟ್ಟುವುದು ನನ್ನ ಪಾಲಿಗೆ ಬಂತು. ನಮ್ಮ ಗುಂಪಿನ ಇನ್ನೊಬ್ಬ ಗೆಳೆಯ ತಕ್ಷಣ ಕೇಳಿದ, "ಹಾಕಿಸಿಕೊಂಡರೆ ಏನು ಸಿಗುತ್ತೆ? ಎರಡು ದಾಳ ಜಾಸ್ತಿನಾ, ರಕ್ಷಣೆನಾ?"

ಇಲ್ಲೇ ನನ್ನ ತಕರಾರು ಇರುವುದು. ತುಂಬಾ ಆಟಗಳಲ್ಲಿ ಮಂತ್ರದ ಹಚ್ಚೆ ಅಂದರೆ ಮೈಗೆ ಅಂಟಿಸಿದ ರಕ್ಷಾಕವಚ. ಇಂಥದೇ ಇನ್ನೊಂದು ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ 2020ರಲ್ಲಿ ಬಂದ ಒಂದು ಪುಸ್ತಕದಲ್ಲಿ ಮಂತ್ರದ ಹಚ್ಚೆಗಳಿವೆ. ಹಚ್ಚೆ ಒಂದು ಸೂಜಿಯೊಳಗೆ ಇರುತ್ತದೆ, ಚರ್ಮಕ್ಕೆ ಒತ್ತಿದರೆ ಮೈಮೇಲೆ ಬರುತ್ತದೆ. ಅದರ ಜೊತೆಗಿನ ಸಂಬಂಧ ಕಡಿದುಕೊಂಡರೆ ಮತ್ತೆ ಸೂಜಿಯಾಗುತ್ತದೆ, ಬೇರೆಯವರಿಗೆ ಕೊಡಬಹುದು. ಆ ಆಟಕ್ಕೆ ಅದು ಸರಿಯೇ. ಆದರೆ ಬಿಚ್ಚಿಡಬಹುದಾದದ್ದನ್ನು ನಾನು ಹಚ್ಚೆ ಅನ್ನಲಾರೆ.

ಇದು ನನಗೆ ಅಜ್ಜಿಯಿಂದ ಬಂದ ಹಟ. ಚನ್ನರಾಯಪಟ್ಟಣದ ಕಡೆಯ ನಮ್ಮಜ್ಜಿಗೆ ಎರಡೂ ಮುಂಗೈ ತುಂಬ ಹಚ್ಚೆ ಇತ್ತು. ಚುಕ್ಕಿ, ಚೇಳು, ಒಂದು ತೊಟ್ಟಿಲು. ವಯಸ್ಸಾದ ಚರ್ಮದಲ್ಲಿ ಕಪ್ಪು ಹೋಗಿ ಹಸಿರು ನೀಲಿಗೆ ತಿರುಗಿತ್ತು. ಕೊರಮರ ಹೆಂಗಸು ಊರಿಗೆ ಬಂದಾಗ ಜಗುಲಿ ಮೇಲೆ ಕೂರಿಸಿ ಹಾಕಿದ್ದಂತೆ. ನೋವು ಮರೆಯಲಿ ಅಂತ ಅವಳು ಹಾಡುತ್ತಲೇ ಚುಚ್ಚುತ್ತಿದ್ದಳಂತೆ. ಇದೆಲ್ಲ ಯಾಕಜ್ಜಿ ಅಂತ ಒಮ್ಮೆ ಕೇಳಿದ್ದೆ. "ಸತ್ತಾಗ ಮೂಗುಬೊಟ್ಟಿಂದ ಹಿಡಿದು ಎಲ್ಲಾ ಬಿಚ್ಕೊಂಡೇ ಕಳಿಸೋದು ಮಗಾ. ಇದೊಂದನ್ನ ಮಾತ್ರ ಯಾರೂ ಬಿಚ್ಚಕಾಗಲ್ಲ" ಅಂದಿದ್ದಳು. ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟೋ ಅಜ್ಜಿಯರಿಗಿತ್ತು.

ವ್ಯಾಂಪೈರ್ ಸತ್ತಿದ್ದಾನೆ, ಆದರೆ ಎಲ್ಲಿಗೂ ಹೋಗಿಲ್ಲ. ಅವನಿಗೆ ಜೊತೆಗೆ ಏನು ಬರಬೇಕು? ಇದನ್ನು ಯೋಚಿಸುತ್ತಾ ಯೋಚಿಸುತ್ತಾ ನನ್ನ ರಿಚುವಲ್ ಕಟ್ಟಿಕೊಂಡಿತು.

ಥಾಯ್ಲೆಂಡಿನ ಸಕ್ ಯಂತ್ ಎಂಬ ಮಂತ್ರದ ಹಚ್ಚೆ ಬಗ್ಗೆಯೂ ಓದಿದೆ. ಬ್ಯಾಂಕಾಕಿನ ಪಶ್ಚಿಮಕ್ಕೆ ನಖೋನ್ ಪಥೋಮ್ ಪ್ರಾಂತ್ಯದ ವಾಟ್ ಬಾಂಗ್ ಫ್ರಾ ಎಂಬ ಬೌದ್ಧ ಮಂದಿರ ಇದಕ್ಕೆ ಹೆಸರುವಾಸಿ. ಉದ್ದನೆಯ ಕಡ್ಡಿಯಿಂದ ಖೋಮ್ ಲಿಪಿಯ ಅಕ್ಷರಗಳನ್ನು ಬೆನ್ನಿಗೆ ಚುಚ್ಚಿ, ಕೊನೆಗೆ ಮಂತ್ರ ಹೇಳಿ ಉಸಿರು ಊದುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹಾಕಿಸಿಕೊಂಡವನು ಕೆಲವು ಕಟ್ಟುಪಾಡು ಪಾಲಿಸಬೇಕು, ಮುರಿದರೆ ಶಕ್ತಿ ಹೋಗುತ್ತದೆ ಅನ್ನುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. ಹಾಕಿದವರಿಗೂ ಹಾಕಿಸಿಕೊಂಡವರಿಗೂ ನಡುವೆ ಒಂದು ಮಾತು ಇದೆ ಅಲ್ಲಿ.

ನನ್ನ ರಿಚುವಲ್‌ಗೆ 'ಉಳಿಯುವ ಮಸಿ' ಅಂತ ಹೆಸರಿಟ್ಟೆ. ಮೂರನೇ ಮಟ್ಟ, ಡಿಫಿಕಲ್ಟಿ 6.

ಮೊದಲು ಮಸಿ ಮಾಡಬೇಕು. ಅಜ್ಜಿ ಕಾಡಿಗೆ ಮಾಡುತ್ತಿದ್ದ ಹಾಗೆ: ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಟ್ಟೆ ಬೋರಲು ಹಾಕಿ, ಅದರ ತಳಕ್ಕೆ ಹಿಡಿದ ಕಪ್ಪನ್ನು ಬೆರಳಲ್ಲಿ ಒರೆಸಿ ತೆಗೆಯುವುದು. ನಮಗೆ ಇದು ಅರ್ಧ ಗಂಟೆಯ ಕೆಲಸ. ವ್ಯಾಂಪೈರ್‌ಗೆ ಬೆಂಕಿ ಅಂದರೆ ಪ್ರಾಣಭಯ, ಕಂಡರೆ ಬುದ್ಧಿ ಕೆಟ್ಟು ಓಡುತ್ತಾನೆ. ಆಟದಲ್ಲಿ ಅದಕ್ಕೆ ರಾಟ್‌ಶ್ರೆಕ್ ಅನ್ನುತ್ತಾರೆ. ಈ ಮಸಿಯನ್ನು ಹಚ್ಚೆ ಬೇಕಾದವರೇ ಮಾಡಬೇಕು, ಬೇರೆಯವರು ಮಾಡಿಕೊಟ್ಟರೆ ಆಗುವುದಿಲ್ಲ. ದೀಪದ ಮುಂದೆ ಕೂತು ಧೈರ್ಯದ ದಾಳ ಹಾಕಬೇಕು.

ಎರಡನೆಯದು ರಕ್ತ. ಮಸಿ ಕಲಸಲು ಇನ್ನೊಬ್ಬ ವ್ಯಾಂಪೈರ್‌ನ ರಕ್ತ ಬೇಕು, ತನ್ನದು ನಡೆಯುವುದಿಲ್ಲ. ಬದುಕಿದವರ ಮೈಯಲ್ಲಿ ಒಂದು ಕೋಶದ ಮಸಿಯನ್ನು ಇನ್ನೊಂದು ಹಿಡಿದುಕೊಳ್ಳುತ್ತದಲ್ಲ, ಹಾಗೆ ಇಲ್ಲೂ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಈ ಆಟದಲ್ಲಿ ಒಬ್ಬರ ರಕ್ತವನ್ನು ಮೂರು ಬೇರೆ ಬೇರೆ ರಾತ್ರಿ ಕುಡಿದರೆ ಅವರಿಗೆ ಗುಲಾಮರಾಗುತ್ತೇವೆ, ಅದು ಬ್ಲಡ್ ಬಾಂಡ್. ಸೂಜಿಯಲ್ಲಿ ಒಳಗೆ ಹೋದ ರಕ್ತವೂ ಒಂದು ಸಲ ಕುಡಿದ ಲೆಕ್ಕ ಅಂತ ನಾನು ತೀರ್ಮಾನ ಕೊಟ್ಟೆ.

ಮೂರನೆಯದು ಬೆಳಗು. ಮೈ ತನ್ನನ್ನು ಹಳೆಯ ಹಾಗೆ ಮಾಡಿಕೊಳ್ಳುವುದು ಹಗಲಿನ ನಿದ್ದೆಯಲ್ಲಿ. ಹಾಗಾಗಿ ಸೂಜಿ ಸೂರ್ಯ ಹುಟ್ಟುವ ಹೊತ್ತಿಗೆ ಶುರುವಾಗಬೇಕು, ಕಿಟಕಿ ಇಲ್ಲದ ಕೋಣೆಯಲ್ಲಿ. ಒಂದು ಅಕ್ಷರ ಮುಗಿಯುವ ತನಕ ಕಣ್ಣು ಮುಚ್ಚುವ ಹಾಗಿಲ್ಲ. ಶೀಟಿನಲ್ಲಿ ಹ್ಯುಮ್ಯಾನಿಟಿ ಅಂತ ಒಂದು ಅಂಕಿ ಇರುತ್ತದೆ, ಉಳಿದಿರುವ ಮನುಷ್ಯತನದ ಲೆಕ್ಕ; ಹಗಲಲ್ಲಿ ವ್ಯಾಂಪೈರ್ ಏನೇ ಮಾಡಿದರೂ ಅದಕ್ಕಿಂತ ಹೆಚ್ಚು ದಾಳ ಹಾಕುವಂತಿಲ್ಲ. ಮನುಷ್ಯತನ ಕಳೆದುಕೊಂಡವನ ಕೈಯಲ್ಲಿ ಎಚ್ಚರವಾಗಿರಲು ದಾಳವೇ ಇರುವುದಿಲ್ಲ. ನಿದ್ದೆ ಬಂದರೆ ಅಕ್ಷರ ಹೋಯಿತು. ಬೆಳಗಿಗೆ ಒಂದೇ ಅಕ್ಷರ.

ಇಷ್ಟು ಮಾಡಿದರೆ ಸಿಗುವುದು ಹಚ್ಚೆ ಮಾತ್ರ. ಬೋನಸ್ ಇಲ್ಲ, ಕವಚ ಇಲ್ಲ. ಗೆಳೆಯನಿಗೆ ಬೇಜಾರಾಯಿತು, ಸ್ವಲ್ಪ ವಾದವೂ ಆಯಿತು. ಇಷ್ಟು ಕಷ್ಟಪಟ್ಟವರಿಗೆ ಏನಾದರೂ ಕೊಡಬೇಕು, ಇಲ್ಲದಿದ್ದರೆ ಯಾರು ಮಾಡುತ್ತಾರೆ ಅಂದ. ಅವನ ಮಾತಲ್ಲೂ ಅರ್ಥ ಇತ್ತು. ಆದರೆ ನಾನು ಬಗ್ಗಲಿಲ್ಲ.

ಗೆಳತಿ ಲೆಕ್ಕ ಹಾಕಿದಳು. ಬಾಕಿ ನಾಲ್ಕು ಅಕ್ಷರ, ನಾಲ್ಕು ಬೆಳಗು. ರಕ್ತ ಕೊಡುವವನು ಟ್ರೆಮೀರ್ ಮಾಂತ್ರಿಕ. ಮೂರನೇ ಅಕ್ಷರಕ್ಕೇ ಅವಳು ಅವನ ಗುಲಾಮಳು. ಮಗಳ ಹೆಸರು ಪೂರ್ತಿಯಾಗುವ ಹೊತ್ತಿಗೆ ಆ ಹೆಸರಿಗಿಂತ ಜಾಸ್ತಿ ಅವನನ್ನೇ ಪ್ರೀತಿಸುತ್ತಿರುತ್ತಾಳೆ. ನಾನು ಬೇಕಂತಲೇ ಹೀಗೆ ಕಟ್ಟಿದ್ದೆ. ಎರಡು ಅಕ್ಷರಕ್ಕೆ ನಿಲ್ಲಿಸುತ್ತಾಳೋ, ಪೂರ್ತಿ ಮಾಡಿ ಕಟ್ಟಿಹಾಕಿಸಿಕೊಳ್ಳುತ್ತಾಳೋ ಅಂತ ಕಾಯುತ್ತಿದ್ದೆ.

ಆಗ ಬೋನಸ್ ಕೇಳಿದ್ದ ಅದೇ ಗೆಳೆಯ ಮೈಕ್ ಆನ್ ಮಾಡಿದ. "ಒಂದು ಅಕ್ಷರಕ್ಕೆ ನನ್ನ ರಕ್ತ ಹಾಕು."

ಮಿಕ್ಕ ಇಬ್ಬರೂ ನಮ್ಮದೂ ಅಂದರು. ಮಾಂತ್ರಿಕನದೊಂದು, ಇವರ ಮೂವರದು ಮೂರು. ನಾಲ್ಕು ಅಕ್ಷರಕ್ಕೆ ನಾಲ್ಕು ಜನ, ಯಾರದೂ ಎರಡು ಸಲ ಇಲ್ಲ. ನಾನು ಎಷ್ಟೋ ದಿನ ಕೂತು ಕಟ್ಟಿದ ಬಲೆಯಲ್ಲಿ ಈ ಬಾಗಿಲು ನನಗೇ ಕಂಡಿರಲಿಲ್ಲ. ನಿಯಮ ಪೂರ್ತಿ ಅವರ ಕಡೆಗಿತ್ತು. ಒಪ್ಪಿಕೊಂಡೆ. ಖುಷಿಯಿಂದ ಒಪ್ಪಿಕೊಂಡೆ.

ಮೊದಲ ಮೂರು ಬೆಳಗು ದಾಟಿದವು. ದೀಪದ ಮುಂದೆ ಎರಡನೇ ದಿನ ಅವಳ ಪಾತ್ರ ತಟ್ಟೆ ಎಸೆದು ಮೂಲೆಗೆ ಓಡಿತು, ಮತ್ತೆ ಬಂದು ಕೂತಿತು. ನಾಲ್ಕನೇ ಬೆಳಗಿನ ರಕ್ತ ಆ ಗೆಳೆಯನ ಪಾತ್ರದ್ದು. ಹಾಕುವ ಮಾಂತ್ರಿಕನಿಗೂ ನಿದ್ದೆ ಎಳೆಯುತ್ತಿತ್ತು, ಅವನ ಕೈಯೂ ನಡುಗುತ್ತಿತ್ತು. ಎಚ್ಚರವಾಗಿರಲು ಗೆಳತಿ ಆರು ದಾಳ ಹಾಕಿದಳು, ಡಿಫಿಕಲ್ಟಿ 8. ಎರಡು, ಐದು, ಮೂರು, ಏಳು, ಆರು. ಕೊನೆಯ ದಾಳ ಮೇಜಿನಿಂದ ಕೆಳಗೆ ಬಿತ್ತು. ಬಗ್ಗಿ ನೋಡಿ, ಕ್ಯಾಮೆರಾಗೆ ಹಿಡಿದು ತೋರಿಸಿದಳು. ಎಂಟು.

ಮರುದಿನ ರಾತ್ರಿ ಎದ್ದಾಗ ಏನು ಮಾಡುತ್ತೀಯ ಅಂತ ಕೇಳಿದೆ. ತೋಳು ಮೇಲೆ ಸರಿಸುತ್ತೇನೆ ಅಂದಳು. ಎಂಟೂ ಅಕ್ಷರ ಅಲ್ಲೇ ಇದ್ದವು. ಕೊನೆಯದು ಸ್ವಲ್ಪ ಸೊಟ್ಟ.