ಗೋವಾ ಗೆದ್ದವರೇ ನಮ್ಕಾ ಚು ಸೋತವರು

'ಅಹಿಂಸೆ ಅಹಿಂಸೆ ಅಂತ ಕೂತರು, ಚೀನಾ ಬಂದು ಬಡೀತು' ಎಂಬುದು 1962ರ ಸೋಲಿನ ಬಗ್ಗೆ ನಮ್ಮ ಊರ ಕಡೆಯ ಮಾತು. ಗೋವಾದವರ ದೂರಿನ ಧಾಟಿ ಬೇರೆ: ಪೋರ್ಚುಗೀಸರನ್ನು ಓಡಿಸಲು 1947ರಲ್ಲೇ ಸೇನೆ ಕಳಿಸುವುದು ಬಿಟ್ಟು ನೆಹರೂ ನಮ್ಮನ್ನು ಹದಿನಾಲ್ಕು ವರ್ಷ ಕಾಯಿಸಿದರು. ವಾಸ್ಕೋ, ಮಡಗಾಂವ್‌ನ ಕನ್ನಡಿಗರ ಕಿವಿಗೆ ಎರಡೂ ಬೀಳುತ್ತವೆ.

ಗೋವಾದವರ ದೂರಿನಲ್ಲಿ ಹುರುಳಿದೆ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಸತ್ಯಾಗ್ರಹ ನಾಟಬೇಕಾದರೆ ಎದುರಾಳಿಯ ಮನೆಯಲ್ಲೇ ಅವನನ್ನು ಪ್ರಶ್ನಿಸುವ ಸಂಸತ್ತು, ಪತ್ರಿಕೆ ಇರಬೇಕು. ಲಂಡನ್ನಿನಲ್ಲಿ ಇದ್ದವು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್‌ನ ಲಿಸ್ಬನ್ನಿನಲ್ಲಿ ಪತ್ರಿಕೆಗೆ ಸೆನ್ಸಾರು, ವಿರೋಧಿಗೆ ಜೈಲು. ಇಷ್ಟು ಗೊತ್ತಾದ ಮೇಲೂ ಆರು ವರ್ಷ ತಳ್ಳಿದ್ದು ಹೆಚ್ಚೇ ಆಯಿತು.

ಕೊನೆಗೆ ಸೇನೆ ಕಳಿಸಿದ್ದೂ ಅದೇ ನೆಹರೂ. 1961ರ ಡಿಸೆಂಬರ್ 18ರಂದು 17ನೇ ಡಿವಿಜನ್ ಪೂರ್ವದಿಂದ ಮೊಲೆಂ, ಪೋಂಡಾ ಹಾದಿ ಹಿಡಿಯಿತು, 50ನೇ ಪ್ಯಾರಾ ಬ್ರಿಗೇಡ್ ಉತ್ತರದಿಂದ ಇಳಿಯಿತು. ಶತ್ರುವಿನ ಗಮನ ತಪ್ಪಿಸಲು ಕಾರವಾರದ ಮಾಜಾಳಿ ಕಡೆಯಿಂದಲೂ ಒಂದು ತುಕಡಿ ಹೊರಟಿತು. ಪುಣೆಯಿಂದ ಹಾರಿದ ಕ್ಯಾನ್‌ಬೆರಾ ಬಾಂಬರುಗಳು ದಾಬೋಳಿಯ ರನ್‌ವೇ ಒಡೆದವು, ಬೆಳಗಾವಿಯ ಸಾಂಬ್ರಾದಿಂದ ಎದ್ದ ಹಂಟರ್ ಯುದ್ಧವಿಮಾನಗಳು ಬಾಂಬೋಳಿಯ ರೇಡಿಯೋ ಕೇಂದ್ರವನ್ನು ಹೊಡೆದವು. ಮರುದಿನ ರಾತ್ರಿ ಗವರ್ನರ್ ಜನರಲ್ ಶರಣಾದ. ಪೋರ್ಚುಗೀಸರು ಸೇತುವೆಗಳನ್ನು ಉರುಳಿಸಿದ್ದರು. ಆದರೂ ಬೆನ್ನಿಗೆ ಬೆಳಗಾವಿಯ ರೈಲು, ರಸ್ತೆ, ವಿಮಾನನೆಲೆ ಇದ್ದುದರಿಂದ ಸೇನೆಗೆ ಸರಕಿನ ಕೊರತೆಯಾಗಲಿಲ್ಲ.

ಹತ್ತು ತಿಂಗಳ ನಂತರ, 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಅದೇ ಪ್ರಧಾನಿ, ಅದೇ ರಕ್ಷಣಾ ಮಂತ್ರಿ ಕೃಷ್ಣ ಮೆನನ್. ಇಂದಿನ ಅರುಣಾಚಲದ ತವಾಂಗ್‌ನ ಆಚೆ ನಮ್ಕಾ ಚು ಹೊಳೆಯ ದಂಡೆಗೆ 7ನೇ ಬ್ರಿಗೇಡನ್ನು ಅಟ್ಟಿದ್ದರು. ಮೇಲಿನ ಥಗ್ ಲಾ ಏಣಿನ ಮೇಲೆ ಚೀನಿಯರು, ಕೆಳಗೆ ಕೊರಕಲಿನಲ್ಲಿ ನಮ್ಮವರು. ತವಾಂಗ್‌ನಿಂದ ಮುಂದೆ ಕಾಲ್ನಡಿಗೆಯೇ ಗತಿ. ವಿಮಾನದಿಂದ ಉದುರಿಸಿದ ಸರಕಿನಲ್ಲಿ ಬಹುಪಾಲು ಕಮರಿಗೆ ಬೀಳುತ್ತಿತ್ತು. ಚಳಿಗೆ ಹತ್ತಿಯ ಸಮವಸ್ತ್ರ, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್ಲು, ಎತ್ತರಕ್ಕೆ ಇನ್ನೂ ಒಗ್ಗದ ಮೈ. ಗೋವಾದಲ್ಲಿ ಹಾರಿದ ಬಾಂಬರುಗಳು ಇಲ್ಲಿ ದಾಳಿಗೆ ಹೊರಡಲಿಲ್ಲ. ಚೀನಾ ತಿರುಗಿ ಕಲ್ಕತ್ತೆಯ ಮೇಲೆ ಬಾಂಬು ಹಾಕೀತು ಎಂಬ ಅಂಜಿಕೆ ದೆಹಲಿಗೆ. ಬ್ರಿಗೇಡ್ ಒಂದೇ ಬೆಳಗ್ಗೆ ಚದುರಿಹೋಯಿತು, ಎರಡು ದಿನದಲ್ಲಿ ಅದರ ಮುಖ್ಯಸ್ಥ ಬ್ರಿಗೇಡಿಯರ್ ದಳವಿ ಸೆರೆಸಿಕ್ಕರು.

ಇದರಲ್ಲಿ ಅಹಿಂಸೆ ಎಲ್ಲಿದೆ? 1961ರ ನವೆಂಬರಿನಿಂದ ಗಡಿಯುದ್ದಕ್ಕೂ ಚೌಕಿ ಹಾಕುತ್ತ ಮುಂದೆ ಹೋದದ್ದು ದಿಟ್ಟತನದ ನೀತಿಯೇ. ಚೀನಾ ಗುಂಡು ಹಾರಿಸುವುದಿಲ್ಲ ಎಂಬ ಊಹೆಯ ಮೇಲೆ ಅದು ನಿಂತಿತ್ತು. ಅಕ್ಟೋಬರ್ 12ರಂದು ನೆಹರೂ 'ಚೀನಿಯರನ್ನು ಹೊರಗಟ್ಟಲು ಹೇಳಿದ್ದೇವೆ' ಎಂಬರ್ಥದ ಮಾತನ್ನು ಪತ್ರಕರ್ತರ ಮುಂದೆ ಆಡಿಯೂಬಿಟ್ಟರು. ಕೈಯಲ್ಲಿ ಕೋಲಿಲ್ಲದೆ ಗದರಿದಂತಾಯಿತು. ಮೆದು ಮನಸ್ಸಿನವರೆಂದು ಬೈಯುವುದಕ್ಕಿಂತ ಈ ಲೆಕ್ಕ ತಪ್ಪಿದ್ದಕ್ಕೆ ಬೈದರೆ ನ್ಯಾಯ.

ಗಾಂಧಿಯೂ 1947ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಕಡೆಯ ದಾಳಿಕೋರರನ್ನು ತಡೆಯಲು ಶ್ರೀನಗರಕ್ಕೆ ಸೈನಿಕರನ್ನು ವಿಮಾನದಲ್ಲಿ ಕಳಿಸಿದ್ದನ್ನು ವಿರೋಧಿಸಲಿಲ್ಲ. ಇನ್ನು ಲಾಲ್ ಬಹಾದ್ದೂರ್ ಶಾಸ್ತ್ರಿ: ಪಕ್ಕಾ ಗಾಂಧಿವಾದಿ. 1965ರ ಸೆಪ್ಟೆಂಬರ್ 6ರಂದು ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನತ್ತ ನಡೆಯಲು ಸೇನೆಗೆ ಒಪ್ಪಿಗೆ ಕೊಟ್ಟವರು ಅವರೇ. ಅಷ್ಟರಲ್ಲಿ 1962ರ ಪೆಟ್ಟಿನಿಂದ ರಕ್ಷಣಾ ಬಜೆಟ್ಟು ಏರಿತ್ತು, ಹೊಸ ಪರ್ವತ ಡಿವಿಜನ್ನುಗಳು ಎದ್ದಿದ್ದವು.